ಸಫಾರಿಯ ಪೆಟ್ಟಿಗೆ, ಗುಳೆಯ ಗಂಟು

ಹೋದ ಡಿಸೆಂಬರಿನಲ್ಲಿ ಎಳ್ಳಮಾಸಿ ಮುಗಿದ ಮೇಲೆ ಗೆಳೆಯರ ಜೊತೆ ಕಬಿನಿಗೆ ಸಫಾರಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ನಮ್ಮ ಗುಂಪಿನಲ್ಲಿ ಕಾಡಿನ ಅನುಭವ ಇದ್ದ ಒಬ್ಬ ಗೆಳೆಯ ವಾಟ್ಸಾಪಿನಲ್ಲಿ ಒಂದು ಪಟ್ಟಿ ಕಳಿಸಿದ. ಖಾಕಿ, ಕಂದು ಅಥವಾ ಮಾಸಲು ಹಸಿರು ಬಣ್ಣದ ಪೂರ್ತಿ ತೋಳಿನ ಅಂಗಿ ಎರಡು, ಉಣ್ಣೆಯ ಸ್ವೆಟರ್ ಒಂದು, ಗಾಳಿ ತಡೆಯುವ ಜಾಕೆಟ್ ಒಂದು, ಕಿವಿ ಮುಚ್ಚುವ ಟೋಪಿ, ತೆಳು ಕೈಗವಸು, ಧೂಳಿಗೆ ಒಂದು ವಸ್ತ್ರ, ಮುಚ್ಚಿದ ಬೂಟು. ಬಿಳಿ ಬೇಡ, ಕೆಂಪು ಬೇಡ, ಸೆಂಟು ಬೇಡವೇ ಬೇಡ. ವಡಗೇರಾದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಇದನ್ನು ಗಟ್ಟಿಯಾಗಿ ಓದಿದೆ. ಅಜ್ಜಿ ಜೋಳ ಹಸನು ಮಾಡುತ್ತಿದ್ದವಳು ತಲೆ ಎತ್ತಿ ಕೇಳಿದಳು: "ಎಷ್ಟು ತಿಂಗಳ ಗುಳೇನೋ?"

"ಗುಳೆ ಅಲ್ಲ ಅಜ್ಜಿ, ಹುಲಿ ನೋಡಾಕ. ಎರಡು ದಿನ."

"ಎರಡು ದಿನಕ್ಕ ಇಷ್ಟು ಅರಿವಿ?"

ಆಮೇಲೆ ಅವಳು ಏನೂ ಮಾತಾಡಲಿಲ್ಲ. ಆದರೆ ಮರುದಿನ ನೋಡಿದರೆ ನನ್ನ ಚೀಲದ ತಳದಲ್ಲಿ ಅಜ್ಜನ ಕರಿ ಕಂಬಳಿ ಮಡಚಿ ಇಟ್ಟಿದ್ದಳು. ಅದರ ತೂಕವೂ ಹೆಚ್ಚು, ಕುರಿಯ ವಾಸನೆಯೂ ಹೋಗಿರಲಿಲ್ಲ. ಗೆಳೆಯರ ಮುಂದೆ ಅದನ್ನು ಹೇಗೆ ತೆಗೆಯುವುದು ಎಂದು ನಾಚಿಕೆಯಾಗಿ, ಅವಳು ಹೊಲಕ್ಕೆ ಹೋದ ಹೊತ್ತು ನೋಡಿ ಕಂಬಳಿಯನ್ನು ವಾಪಸು ಕಟ್ಟೆಯ ಮೇಲಿಟ್ಟೆ. ಅದರ ಜಾಗದಲ್ಲಿ ಹೊಸದಾಗಿ ಕೊಂಡ ಖಾಕಿ ಜಾಕೆಟ್ ಬಂತು. ನೋಡಲು ಥೇಟು ಶಿಕಾರಿಯವರ ಜಾಕೆಟ್, ನಾಲ್ಕು ಜೇಬು ಬೇರೆ. ಬಟ್ಟೆ ಮಾತ್ರ ತೆಳು ಹತ್ತಿ.

ನಮ್ಮ ಕಡೆಯ ಚಳಿಗಾಲ ಮೋಸದ್ದು. ಹಗಲು ಬಿಸಿಲು ಚುರುಗುಟ್ಟುತ್ತದೆ, ಮೋಡವಿಲ್ಲದ ಆಕಾಶದ ಕೆಳಗೆ ರಾತ್ರಿ ನೆಲದ ಕಾವೆಲ್ಲ ಹಾರಿಹೋಗುತ್ತದೆ. ಒಂದೇ ದಿನದಲ್ಲಿ ಹದಿನೈದು ಡಿಗ್ರಿಯಷ್ಟು ಏರಿಳಿತ ಆಗುವುದುಂಟು. ಕಬಿನಿಯದೂ ಹೆಚ್ಚುಕಡಿಮೆ ಇದೇ ಕತೆ. ಅದಕ್ಕೆ ತೆರೆದ ಜೀಪಿನ ಗಾಳಿ ಸೇರಿತು. ಬೆಳಗಿನ ಆರೂವರೆಗೆ ಗಾಡಿ ಹೊರಟು ಕಾಲು ಗಂಟೆ ಆಗಿರಲಿಲ್ಲ, ನನ್ನ ನಾಲ್ಕು ಜೇಬಿನ ಜಾಕೆಟ್ಟಿನೊಳಗೆ ಗಾಳಿ ಸಲೀಸಾಗಿ ಓಡಾಡುತ್ತಿತ್ತು. ಹಲ್ಲು ಕಡಿಯುತ್ತಿದ್ದವನನ್ನು ನೋಡಿ ಗಾಡಿಯ ಚಾಲಕರು ತಮ್ಮ ಸೀಟಿನ ಹಿಂದಿನಿಂದ ಏನನ್ನೋ ತೆಗೆದು ಕೊಟ್ಟರು. ಕರಿ ಕಂಬಳಿ. ಅದೇ ವಾಸನೆ.

ಹುಲಿ ಕಾಣಲಿಲ್ಲ. ಆದರೆ ಆ ಪಟ್ಟಿ ನನ್ನನ್ನು ಬಿಡಲಿಲ್ಲ. ನನ್ನ ಪಿಎಚ್‌ಡಿ ಅಧ್ಯಯನ ನಿಜಾಂ ಆಳ್ವಿಕೆಯ ನಮ್ಮ ಭಾಗದ ಬಿಟ್ಟಿ ಚಾಕರಿಯ ಕುರಿತದ್ದು. ಸಾಹೇಬರ ಡೇರೆ, ಪೆಟ್ಟಿಗೆ, ಪಲ್ಲಕ್ಕಿಗಳ ಬಗ್ಗೆ ದಿನವೂ ಓದುವವನು ನಾನು. ಚಳಿಗಾಲದ ಕಾಡಿಗೆ ಏನು ಉಡಬೇಕು ಎಂಬ ಪಟ್ಟಿಗೂ ಒಂದು ಚರಿತ್ರೆ ಇದೆ, ಅದು ನಮ್ಮೂರ ರಸ್ತೆಯ ಮೇಲೂ ಹಾದು ಹೋಗಿದೆ ಎಂಬುದು ಆವರೆಗೆ ಹೊಳೆದಿರಲಿಲ್ಲ.

ಮೊದಲು ಶಬ್ದದಿಂದಲೇ ಶುರು ಮಾಡಬಹುದು. ಸಫಾರಿ ಸ್ವಾಹಿಲಿ ಭಾಷೆಯ ಮಾತು. ಅದರ ಬೇರು ಅರಬಿಯ 'ಸಫರ್', ಅಂದರೆ ಪ್ರಯಾಣ. ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮಗೆ ಈ ಮಾತು ಹೊಸದಲ್ಲ. 'ಸಫರ್ ಹ್ಯಾಂಗಾಯ್ತು?' ಎಂದು ಇವತ್ತಿಗೂ ಕೇಳುವ ಹಿರಿಯರಿದ್ದಾರೆ. ಸಫರ್ ಮಾಡುವವನು ಮುಸಾಫಿರ, ಅವನು ತಂಗುವ ಜಾಗ ಮುಸಾಫಿರಖಾನೆ. ಹಿಂದೂ ಮಹಾಸಾಗರದ ಈ ದಡಕ್ಕೆ ಫಾರಸಿ, ಉರ್ದುವಿನ ಜೊತೆ ಬಂದ ಶಬ್ದವೇ ಆ ದಡದಲ್ಲಿ ಅರಬ್ ವ್ಯಾಪಾರಿಗಳ ಜೊತೆ ಆಫ್ರಿಕಾಕ್ಕೆ ಇಳಿದಿತ್ತು. 19ನೇ ಶತಮಾನದ ಮಧ್ಯಭಾಗದಲ್ಲಿ ರಿಚರ್ಡ್ ಬರ್ಟನ್‌ನಂಥ ಪ್ರಯಾಣಿಕರ ಬರಹಗಳ ಮೂಲಕ ಅದು ಇಂಗ್ಲಿಷಿಗೆ ಹೋಯಿತು. ಬರ್ಟನ್ ಅದಕ್ಕೂ ಮೊದಲು ಮುಂಬಯಿಯ ಸೈನ್ಯದಲ್ಲಿದ್ದವನು.

ಪೂರ್ವ ಆಫ್ರಿಕಾದಲ್ಲಿ ಆಗ ಸಫಾರಿ ಎಂದರೆ ರಜೆಯ ಮೋಜಲ್ಲ. ಕರಾವಳಿಯಿಂದ ಒಳನಾಡಿಗೆ ಬಟ್ಟೆ, ಮಣಿ ಹೊತ್ತು ಹೋಗಿ, ಆನೆಯ ದಂತ ಹೊತ್ತು ಮರಳುವ ಜನರ ಉದ್ದನೆಯ ಸಾಲು ಅದು. ಕೆಲವು ಸಾಲುಗಳಲ್ಲಿ ಗುಲಾಮರೂ ಇರುತ್ತಿದ್ದರು. ಬೇಟೆಯ ಅರ್ಥ ಬಂದ ಮೇಲೂ ಹೊರುವವರು ಮಾತ್ರ ಹೋಗಲಿಲ್ಲ. ಅಮೆರಿಕದ ಅಧ್ಯಕ್ಷಗಿರಿ ಬಿಟ್ಟ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಪೂರ್ವ ಆಫ್ರಿಕಾಕ್ಕೆ ಬೇಟೆಗೆ ಹೋದಾಗ ಅವನ ಸಾಮಾನು ಹೊರಲು ಇನ್ನೂರಕ್ಕೂ ಹೆಚ್ಚು ಆಳುಗಳಿದ್ದರು. ಸರಿಯಾದ ಬಟ್ಟೆಯ ಪಟ್ಟಿ ಉದ್ದವಾಗಲು ಸಾಧ್ಯವಾದದ್ದೇ ಅದನ್ನು ಹೊರುವ ತಲೆಗಳು ಬೇರೆಯವರವಾಗಿದ್ದರಿಂದ.

ನಮ್ಮ ಕಡೆ ಈ ಮಾತಿಗೆ ಇನ್ನೊಂದು ಜನ್ಮವೂ ಬಂತು. 1970, 80ರ ದಶಕಗಳಲ್ಲಿ ಇಂಜಿನಿಯರರು, ತಹಶೀಲ್ದಾರರು, ಸಂಘದ ಅಧ್ಯಕ್ಷರು ಎಲ್ಲ ಸಫಾರಿ ಸೂಟಿನಲ್ಲಿ ಓಡಾಡಿದರು. ಮದುವೆಯಲ್ಲಿ ಬೀಗರಿಗೆ 'ಸಫಾರಿ ಪೀಸ್' ಉಡುಗೊರೆ ಕೊಡುವುದು ಮರ್ಯಾದೆಯಾಗಿತ್ತು. ಕಾಡನ್ನೇ ನೋಡದ ಊರಿನಲ್ಲಿ ಸಫಾರಿ ಎಂದರೆ ಟೆರಿಕಾಟ್ ಬಟ್ಟೆ, ಅಧಿಕಾರದ ಬಟ್ಟೆ.

ಇನ್ನು ಚಳಿಗಾಲದ ಮಾತು. ಬ್ರಿಟಿಷ್ ಅಧಿಕಾರಿಗಳಿಗೆ ನವೆಂಬರಿನಿಂದ ಫೆಬ್ರವರಿವರೆಗಿನ ಕಾಲ ಪ್ರವಾಸದ ಕಾಲ. ಮಳೆ ನಿಂತು ಕರಿ ನೆಲ ಒಣಗಿ ಗಾಡಿ ಓಡಾಡುವಂತಾದ ಕೂಡಲೇ ಡೇರೆ ಕಟ್ಟಿಕೊಂಡು ಹಳ್ಳಿ ಹಳ್ಳಿ ಸುತ್ತುವುದು, ಲೆಕ್ಕ ನೋಡುವುದು, ತಕರಾರು ಕೇಳುವುದು, ಹಾದಿಯಲ್ಲಿ ಬೇಟೆ ಸಿಕ್ಕರೆ ಬೇಟೆ. ಡೇರೆಯ ಈ ಪದ್ಧತಿ ಅವರಿಗೂ ಮೊದಲಿನದು. ಮುಘಲ್ ಬಾದಶಹರಿಗೆ ಡೇರೆಗಳ ಎರಡು ಜೊತೆ ಇರುತ್ತಿದ್ದವು, ಒಂದರಲ್ಲಿ ಅವರು ಮಲಗಿರುವಾಗ ಇನ್ನೊಂದು ಮುಂದಿನ ಠಾಣ್ಯಕ್ಕೆ ಹೋಗಿ ನಿಂತಿರುತ್ತಿತ್ತು. ಔರಂಗಜೇಬ್ 1705ರಲ್ಲಿ ಬೇಡ ನಾಯಕರ ವಾಗಿನಗೇರಾ ಕೋಟೆಯನ್ನು ಮುತ್ತಿದಾಗ ಇಂಥ ಡೇರೆಯ ಪಟ್ಟಣವೇ ಸುರಪುರದ ಗುಡ್ಡಗಳ ಬುಡಕ್ಕೆ ಬಂದಿತ್ತು. ಅದು ಅವನು ಸ್ವತಃ ನಿಂತು ನಡೆಸಿದ ಕೊನೆಯ ಮುತ್ತಿಗೆ.

ಅದಾಗಿ ಸುಮಾರು ನೂರ ಮೂವತ್ತಾರು ವರ್ಷಕ್ಕೆ ಅದೇ ಸುರಪುರಕ್ಕೆ ಫಿಲಿಪ್ ಮೆಡೋಸ್ ಟೇಲರ್ ಬಂದ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, 1824ರಲ್ಲಿ ಇನ್ನೂ ಹುಡುಗನಾಗಿ ಭಾರತಕ್ಕೆ ಬಂದು, ನಿಜಾಮನ ಸೈನ್ಯ ಸೇರಿದವನು. ಠಕ್ಕರ ಕುರಿತ ಅವನ ಕಾದಂಬರಿ 1839ರಲ್ಲೇ ಹೆಸರು ಮಾಡಿತ್ತು. 1841ರಿಂದ 1853ರವರೆಗೆ, ಎಳೆಯ ರಾಜ ವೆಂಕಟಪ್ಪ ನಾಯಕ ಪ್ರಾಯಕ್ಕೆ ಬರುವ ತನಕ, ಸುರಪುರದ ಆಡಳಿತ ಅವನ ಕೈಯಲ್ಲಿತ್ತು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಈಗಲೂ ಇದೆ. ಬೋನಾಳ ಕೆರೆಯನ್ನು ದುರಸ್ತಿ ಮಾಡಿಸಿದ, ರಾಜನಕೋಳೂರು, ಜೇವರ್ಗಿ ಕಡೆಯ ಬೃಹತ್ ಶಿಲಾಗೋರಿಗಳನ್ನು ಅಗೆಸಿ ಬರೆದ. ಅವನ ಆತ್ಮಕಥೆ ಅವನು ತೀರಿಕೊಂಡ ಮರುವರ್ಷ, 1877ರಲ್ಲಿ, ಮಗಳು ಆಲಿಸಳ ಸಂಪಾದನೆಯಲ್ಲಿ ಅಚ್ಚಾಯಿತು. ನನ್ನಂಥ ವಿದ್ಯಾರ್ಥಿಗಳಿಗೆ 19ನೇ ಶತಮಾನದ ಸುರಪುರ ಸೀಮೆಯನ್ನು ಕಣ್ಣಿಗೆ ಕಟ್ಟಿಸುವ ಪುಸ್ತಕ ಅದು.

ಆ ಕಾಲದ ಪ್ರಯಾಣವನ್ನು ಊಹಿಸಿಕೊಳ್ಳಿ. ರೈಲು ಇರಲಿಲ್ಲ. ಮುಂಬಯಿ, ಮದ್ರಾಸುಗಳ ಕಡೆಯಿಂದ ಬಂದ ಹಳಿಗಳು ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಅಲ್ಲಿಯವರೆಗೆ ಕುದುರೆ, ಎತ್ತಿನ ಗಾಡಿ, ಪಲ್ಲಕ್ಕಿ. ಪಲ್ಲಕ್ಕಿ ಹೊರುವ ಬೋಯಿಗಳು, ರಾತ್ರಿ ಪಂಜು ಹಿಡಿದು ಮುಂದೆ ಓಡುವವರು, ಪೆಟ್ಟಿಗೆ ಹೊರುವವರು. ಇಂಥ ಹೊರೆಯ ಕೆಲಸ ಬಹುಪಾಲು ಬಿಟ್ಟಿಯಲ್ಲೇ ನಡೆಯುತ್ತಿತ್ತು. ಅಧಿಕಾರಿ ಬಂದ ಎಂದರೆ ಊರ ಗೌಡ ಹೇಳಿ ಕಳಿಸಿದವರು ಮುಂದಿನ ಊರ ಗಡಿಯವರೆಗೆ ಹೊರಬೇಕು. ಕೂಲಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಪೆಟ್ಟಿಗೆಯೊಳಗೆ ಏನಿರುತ್ತಿತ್ತು? ಇದಕ್ಕೆ ಉತ್ತರ ಹೇಳಲು ಅಚ್ಚಾದ ಪುಸ್ತಕಗಳೇ ಇವೆ. ನೈಋತ್ಯ ಆಫ್ರಿಕಾ ಸುತ್ತಿ ಬಂದ ಫ್ರಾನ್ಸಿಸ್ ಗಾಲ್ಟನ್ 1855ರಲ್ಲಿ ಪ್ರಯಾಣದ ಕಲೆಯ ಮೇಲೆ ಒಂದು ಕೈಪಿಡಿ ಬರೆದ. ಮೈಗೆ ತಾಗಿದಂತೆ ಫ್ಲಾನೆಲ್, ಅಂದರೆ ಮೆತ್ತನೆಯ ಉಣ್ಣೆ ಬಟ್ಟೆ, ಇರಲೇಬೇಕು ಎಂಬುದು ಅವನ ಒತ್ತಾಯ. 1888ರಲ್ಲಿ ಫ್ಲೋರಾ ಆನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ ಭಾರತದಲ್ಲಿ ಸಂಸಾರ ಮಾಡುವ ಇಂಗ್ಲಿಷ್ ಹೆಂಗಸರಿಗಾಗಿ ಬರೆದ ಪುಸ್ತಕದಲ್ಲಿ ಡೇರೆಯ ಬಾಳಿಗೇ ಒಂದು ಅಧ್ಯಾಯವಿದೆ. ಉಣ್ಣೆಯ ಒಳಅಂಗಿ, ದಪ್ಪ ಕೋಟು, ಬೆಂಡಿನ ಗಿಡದ ತಿರುಳಿನಿಂದ ಮಾಡಿದ ಸೋಲಾ ಟೋಪಿ, ಬಿಸಿಲು ಬೆನ್ನುಹುರಿಗೆ ತಾಗದಂತೆ ಹೊಲಿದ ಮೆತ್ತೆಯ ಪಟ್ಟಿ. ಪಟ್ಟಿಯ ಅರ್ಧ ಚಳಿಯ ಭಯ, ಅರ್ಧ ಬಿಸಿಲಿನ ಭಯ.

ಇವುಗಳಲ್ಲಿ ನನಗೆ ಬಹಳ ಕುತೂಹಲ ಹುಟ್ಟಿಸಿದ್ದು 'ಕಾಲರಾ ಬೆಲ್ಟ್'. ಹೊಟ್ಟೆಗೆ ಸುತ್ತಿಕೊಳ್ಳುವ ಫ್ಲಾನೆಲ್ಲಿನ ಅಗಲ ಪಟ್ಟಿ. ಹೊಟ್ಟೆಗೆ ಥಂಡಿ ತಾಗಿದರೆ ಕಾಲರಾ ಬರುತ್ತದೆಂದು ಆಗ ನಂಬಿದ್ದರು. ಕಾಲರಾ ನೀರಿನಿಂದ ಹರಡುತ್ತದೆಂದು ಜಾನ್ ಸ್ನೋ ಲಂಡನ್ನಿನಲ್ಲಿ 1854ರಲ್ಲೇ ತೋರಿಸಿದ್ದ. ರಾಬರ್ಟ್ ಕೋಖ್ 1884ರಲ್ಲಿ ಅದರ ಕ್ರಿಮಿಯನ್ನು ಗುರುತಿಸಿದ. ಆದರೂ ಬೆಲ್ಟು 20ನೇ ಶತಮಾನಕ್ಕೂ ದಾಟಿ ಬಂತು. ವಿಜ್ಞಾನ ಬದಲಾದರೂ ಪೆಟ್ಟಿಗೆಯ ಪಟ್ಟಿ ಅಷ್ಟು ಬೇಗ ಬದಲಾಗುವುದಿಲ್ಲ. ನನ್ನ ನಾಲ್ಕು ಜೇಬಿನ ಜಾಕೆಟ್ಟೂ ಆ ಜಾತಿಯದೇ. ತೋಟಾ ಇಡಲು ಮಾಡಿದ ಜೇಬಿನಲ್ಲಿ ನಾನು ಮೊಬೈಲ್ ಚಾರ್ಜರ್ ಇಟ್ಟುಕೊಂಡಿದ್ದೆ.

ಖಾಕಿಯ ಕತೆಯಲ್ಲಿ ಕನ್ನಡ ನಾಡಿನ ಪಾಲೂ ಇದೆ. ಖಾಕ್ ಎಂದರೆ ಫಾರಸಿಯಲ್ಲಿ ಧೂಳು, ಮಣ್ಣು. 1846ರ ಕೊನೆಗೆ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ಪಡೆ ಮೊದಲು ಈ ಬಣ್ಣ ತೊಟ್ಟಿತು. 1857ರ ದಂಗೆಯ ಬಿಸಿಲಿನಲ್ಲಿ ಬಿಳಿ ಸಮವಸ್ತ್ರದ ಗೋರಾ ಸಿಪಾಯಿಗಳು ತಮ್ಮ ಬಟ್ಟೆಯನ್ನು ಚಹಾ, ಕೆಸರುಗಳಲ್ಲಿ ಅದ್ದಿ ಮಾಸಲು ಮಾಡಿಕೊಂಡರು. ಆದರೆ ಆ ಬಣ್ಣ ಒಗೆದರೆ ಹೋಗುತ್ತಿತ್ತು. ಮಂಗಳೂರಿನ ಬಾಸೆಲ್ ಮಿಷನ್ 1851ರ ಹೊತ್ತಿಗೆ ನೇಯ್ಗೆ ಕಾರ್ಖಾನೆ ಶುರು ಮಾಡಿತ್ತು. ಅಲ್ಲಿಯ ನೇಯ್ಗೆ ಬಲ್ಲ ಹಾಲರ್ ಎಂಬ ಪಾದ್ರಿ ಒಗೆದರೂ ಬಿಡದ ಖಾಕಿ ಬಣ್ಣವನ್ನು ರೂಢಿಸಿದನೆಂದು ಮಂಗಳೂರಿನ ಚರಿತ್ರೆಯಲ್ಲಿ ಹೇಳುತ್ತಾರೆ. 19ನೇ ಶತಮಾನ ಮುಗಿಯುವ ಹೊತ್ತಿಗೆ ಸೈನ್ಯ, ಪೊಲೀಸು, ಅರಣ್ಯ ಇಲಾಖೆ, ಶಿಕಾರಿ ಎಲ್ಲರ ಮೈಮೇಲೂ ಅದೇ ಧೂಳಿನ ಬಣ್ಣ.

1858ರಲ್ಲಿ ಸುರಪುರದ ಬೇಡರು ದಂಗೆ ಎದ್ದರು. ಟೇಲರ್ ಬೆಳೆಸಿದ ವೆಂಕಟಪ್ಪ ನಾಯಕನೇ ಅದರ ಮುಂದಾಳು. ಅವನು ಸೆರೆಸಿಕ್ಕು, ಅದೇ ವರ್ಷ ಗುಂಡು ತಾಗಿ ಸತ್ತ. ಸಂಸ್ಥಾನ ಮುಳುಗಿತು. ಖಾಕಿ ಹರಡಿದ್ದು ಈ ವರ್ಷಗಳಲ್ಲೇ ಎಂಬುದನ್ನು ನಮ್ಮ ಭಾಗದವರು ಮರೆಯಬಾರದು. ಬೇಟೆಗಾರನ ಬಟ್ಟೆ ಮೊದಲು ಸಿಪಾಯಿಯ ಬಟ್ಟೆಯಾಗಿತ್ತು.

ಹಾಗಂತ ಗೆಳೆಯನ ಪಟ್ಟಿ ತಪ್ಪೆಂದಲ್ಲ. ಜಿಂಕೆಯ ಕಣ್ಣಿಗೆ ಕೆಂಪು ಬಣ್ಣ ನಮಗೆ ಕಂಡಂತೆ ಎದ್ದು ಕಾಣುವುದಿಲ್ಲ, ಹುಲಿಯ ಕಿತ್ತಳೆ ಬಣ್ಣವೂ ಅದಕ್ಕೆ ಸುತ್ತಲಿನ ಹುಲ್ಲಿನಂತೆಯೇ ತೋರುತ್ತದೆ. ಆದರೆ ಬೆಳ್ಳನೆಯ ಬಟ್ಟೆ, ಹೊಳೆಯುವ ನೀಲಿ, ಅದರ ಅಲುಗಾಟ ಎಲ್ಲ ಪ್ರಾಣಿಗಳಿಗೂ ಕಾಣುತ್ತವೆ. ಮಾಸಲು ಬಣ್ಣ ಮೇಲು. ಧೂಳೂ ಕಾಣುವುದಿಲ್ಲ. ಸೈನಿಕರ ಚುಕ್ಕೆ ಬಣ್ಣದ ಬಟ್ಟೆ ಮಾತ್ರ ಬೇಡ, ಆಫ್ರಿಕಾದ ಕೆಲವು ದೇಶಗಳಲ್ಲಿ ಸಾಮಾನ್ಯರು ಅದನ್ನು ತೊಡುವುದೇ ಅಪರಾಧ. ಅಲ್ಲಿಗೆ ಹೋಗುವವರು ಕಡು ನೀಲಿ, ಕರಿ ಬಟ್ಟೆಯನ್ನೂ ಬಿಡುತ್ತಾರೆ, ನಿದ್ರಾರೋಗ ಹರಡುವ ಸೆಟ್ಸಿ ನೊಣ ಆ ಬಣ್ಣಗಳಿಗೆ ಮುತ್ತುತ್ತದೆ. ನಮ್ಮ ಕಾಡುಗಳಲ್ಲಿ ಆ ನೊಣವಿಲ್ಲ. ಇನ್ನು ಚಳಿಗೆ ಒಂದು ದಪ್ಪ ಕೋಟಿಗಿಂತ ತೆಳುವಾದ ಮೂರು ಪದರ ಒಳ್ಳೆಯದು. ಮೈಗೆ ತಾಗಿ ಒಂದು, ನಡುವೆ ಉಣ್ಣೆ, ಮೇಲೆ ಗಾಳಿಗೆ ತಡೆ. ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಬೆಚ್ಚಗಿಡುತ್ತದೆ. ಬಿಸಿಲೇರಿದಂತೆ ಒಂದೊಂದೇ ಕಳಚಬಹುದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತುಗಳು ಮಾಡುವುದೂ ಇದನ್ನೇ. ಒಳಗೆ ಮೆತ್ತನೆಯ ತುಪ್ಪುಳ, ಹೊರಗೆ ಗಾಳಿ, ನೀರು ಒಳಬಿಡದ ಗರಿ.

ಕಂಬಳಿಯಲ್ಲಿ ಈ ಮೂರೂ ಗುಣ ಒಂದೇ ಬಟ್ಟೆಯಲ್ಲಿವೆ. ದಖನಿ ಕುರಿಯ ಉಣ್ಣೆ ಒರಟು, ಆದರೆ ಅದರ ಜಿಡ್ಡು ನೀರನ್ನು ತಡೆಯುತ್ತದೆ. ಹೆಂಗಸರು ನೂಲು ತೆಗೆಯುತ್ತಾರೆ, ಹುಣಸೆ ಬೀಜದ ಗಂಜಿ ತಿಕ್ಕಿ ಗಟ್ಟಿ ಮಾಡುತ್ತಾರೆ, ಗಂಡಸರು ಗುಣಿ ಮಗ್ಗದಲ್ಲಿ ನೇಯುತ್ತಾರೆ. ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಬಿಸಿಲಿಗೆ ನೆರಳು, ರಾತ್ರಿಗೆ ಹಾಸಿಗೆ, ದೇವರಿಗೆ ಗದ್ದುಗೆ. ಮೈಲಾರಲಿಂಗನ ಗೊರವರು ಮೈಮೇಲೆ ತೊಡುವುದೂ ಕಂಬಳಿಯೇ. ಯಾದಗಿರಿ ಪಕ್ಕದ ಮೈಲಾಪುರದಲ್ಲಿ ಸಂಕ್ರಾಂತಿಯ ಜಾತ್ರೆಗೆ ಚಳಿಯಲ್ಲಿ ಸೇರುವ ಜನರ ಹೆಗಲ ಮೇಲೆ ಮೊದಲೆಲ್ಲ ಅದೇ ಕಾಣುತ್ತಿತ್ತಂತೆ. ಈಗ ಹೊಳೆಯುವ ಹೂವಿನ ಚಿತ್ರದ ಪಾಲಿಯೆಸ್ಟರ್ ಚಾದರಗಳು. ಅಗ್ಗ, ಹಗುರ. ಕುರಿಗಾರರೇ ಅವನ್ನು ಹೊದ್ದಿರುತ್ತಾರೆ. ಅವರನ್ನು ಬೈಯಲು ನನಗೇನು ಅರ್ಹತೆ ಇದೆ? ಚೀಲದಿಂದ ಕಂಬಳಿ ತೆಗೆದಿಟ್ಟು ಹೋದವನು ನಾನೇ.

ನನ್ನ ಅಧ್ಯಯನದ ಒಂದು ತೊಡಕು ಇಲ್ಲಿಂದಲೇ ಶುರುವಾಗುತ್ತದೆ. ಸಾಹೇಬನ ಪೆಟ್ಟಿಗೆಯಲ್ಲಿ ಎಷ್ಟು ಫ್ಲಾನೆಲ್ ಅಂಗಿ ಇರಬೇಕಿತ್ತು ಎಂಬುದನ್ನು ನಾನು ಪುಸ್ತಕ ನೋಡಿ ಹೇಳಬಲ್ಲೆ. ಆ ಪೆಟ್ಟಿಗೆಯನ್ನು ಡಿಸೆಂಬರಿನ ನಸುಕಿನಲ್ಲಿ ಒಂದು ಊರ ಗಡಿಯಿಂದ ಇನ್ನೊಂದು ಊರ ಗಡಿಗೆ ಹೊತ್ತವನ ಮೈಮೇಲೆ ಏನಿತ್ತು ಎಂಬುದಕ್ಕೆ ಪಟ್ಟಿ ಇಲ್ಲ. ನನ್ನ ಟಿಪ್ಪಣಿಗಳಲ್ಲಿ ಅವನು ಒಂದು ಸಂಖ್ಯೆ, ಹೆಚ್ಚೆಂದರೆ ಒಂದು ಕಸುಬಿನ ಹೆಸರು. ಅವನಿಗೂ ಚಳಿಯಾಗುತ್ತಿತ್ತು ಎಂದು ಬರೆಯಲು ಅಡಿಟಿಪ್ಪಣಿಗೆ ಆಧಾರ ಸಿಗದು. ಕಬಿನಿಯಿಂದ ಬಂದ ಮೇಲೆ ಇದನ್ನೇ ಯೋಚಿಸುತ್ತ ಅಜ್ಜಿಯ ಮುಂದೆ ಕೂತೆ. ಅವಳು ಮೊದಲ ದಿನ ಕೇಳಿದ ಪ್ರಶ್ನೆ ಆಗ ನೆನಪಾಯಿತು: ಎಷ್ಟು ತಿಂಗಳ ಗುಳೆ?

ಅವಳ ಲೆಕ್ಕದಲ್ಲಿ ಚಳಿಗಾಲಕ್ಕೆ ಬಟ್ಟೆ ಕಟ್ಟುವುದು ಎಂದರೆ ಗುಳೆಯೇ. ಸುಗ್ಗಿ ಮುಗಿದ ಮೇಲೆ ನಮ್ಮ ಜಿಲ್ಲೆಯಿಂದ ಬೆಂಗಳೂರು, ಮುಂಬಯಿ, ಪುಣೆಗಳಿಗೆ ಕಟ್ಟಡದ ಕೆಲಸಕ್ಕೆ ಸಂಸಾರ ಸಮೇತ ಹೋಗುವವರು ಇವತ್ತಿಗೂ ಇದ್ದಾರೆ. ನಮ್ಮ ಮನೆಯವರೂ ನಾನು ಚಿಕ್ಕವನಿದ್ದಾಗ ಮೂರು ವರ್ಷ ಬೆಂಗಳೂರಿಗೆ ಹೋಗಿದ್ದರು. ಏನು ಕಟ್ಟುತ್ತಿದ್ದಿರಿ ಎಂದು ಕೇಳಿದೆ. ಅವಳು ಬೆರಳು ಮಡಚುತ್ತ ಹೇಳಿದಳು. ನಾಲ್ಕು ಸೇರು ಜೋಳದ ಹಿಟ್ಟು, ಖಾರಪುಡಿ, ಹೆಂಚು, ಎರಡು ಸೀರೆ, ಹುಡುಗರಿಗೆ ಒಂದೊಂದು ಕುಲಾವಿ, ಅಜ್ಜನ ಕಂಬಳಿ, ಎರಡು ಕೌದಿ. ಚೀಲ? ಚೀಲ ಎಲ್ಲಿದ್ದವು. ಕೌದಿಯನ್ನೇ ಹಾಸಿ ಅದರೊಳಗೆ ಎಲ್ಲ ಇಟ್ಟು ನಾಲ್ಕು ಚುಂಗು ಗಂಟು ಹಾಕುವುದು. ಹೋಗುವಾಗ ಅದೇ ಗಂಟು, ರಾತ್ರಿ ತಗಡಿನ ಶೆಡ್ಡಿನಲ್ಲಿ ಅದೇ ಹೊದಿಕೆ.

ಕೌದಿಯನ್ನು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹರಿದ ಸೀರೆ, ಧೋತರ, ಮಕ್ಕಳ ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಇಟ್ಟು ಕೈಯಿಂದ ಹೊಲಿಗೆ ಓಡಿಸಿ ಮಾಡುವ ಹೊದಿಕೆ ಅದು. ನಮ್ಮ ಕಡೆ ಪ್ರತಿ ಮನೆಯಲ್ಲೂ ಇರುತ್ತದೆ. ಪದರಗಳ ನಡುವೆ ಗಾಳಿ ಸಿಕ್ಕಿಬೀಳುವ ವಿದ್ಯೆ ಅದರಲ್ಲೂ ಇದೆ. ಅಜ್ಜಿ ಒಂದು ತುಂಡು ತೋರಿಸಿ ಇದು ನಿಮ್ಮಪ್ಪನ ಸಾಲಿ ಅಂಗಿ ಎಂದಳು. ಖಾಕಿ ಚಡ್ಡಿಯದೂ ಒಂದು ತುಂಡು ಇತ್ತು.

ಜನವರಿಯಲ್ಲಿ ಒಂದು ಬೆಳಿಗ್ಗೆ ಬೋನಾಳಕ್ಕೆ ಹೋದೆ. ನಾಯಕ ಅರಸರ ಕಾಲದ, ಟೇಲರ್ ದುರಸ್ತಿ ಮಾಡಿಸಿದ ಆ ಕೆರೆ ಈಗ ಪಕ್ಷಿಧಾಮ. ಚಳಿಗಾಲಕ್ಕೆ ವಲಸೆ ಹಕ್ಕಿಗಳು ಬರುತ್ತವೆ, ಜೀಪು ಬೇಕಿಲ್ಲ, ಏರಿಯ ಮೇಲೆ ನಿಂತರೆ ಸಾಕು. ಈ ಸಲ ಅಜ್ಜನ ಕಂಬಳಿ ಹೊದ್ದುಕೊಂಡಿದ್ದೆ. ಬಣ್ಣ ಕರಿದು, ಗಾಳಿ ಒಳಗೆ ಬರಲಿಲ್ಲ, ಹಕ್ಕಿಗಳೂ ಹೆದರಲಿಲ್ಲ. ಒಂಬತ್ತು ಗಂಟೆಗೆ ಬಿಸಿಲು ಏರಿದಾಗ ಮಡಚಿ ಹೆಗಲಿಗೆ ಹಾಕಿಕೊಂಡೆ. ಭಾರ ಇತ್ತು, ನಿಜ.

ಮರಳಿ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಬೆಂಗಳೂರಿನ ಬಸ್ಸಿಗೆ ಕಾಯುತ್ತಿದ್ದ ಎರಡು ಸಂಸಾರಗಳಿದ್ದವು. ಪ್ಲಾಸ್ಟಿಕ್ ಚೀಲಗಳ ನಡುವೆ ಒಂದು ಕೌದಿಯ ಗಂಟೂ ಇತ್ತು. ಬಿಟ್ಟಿ ಹೊತ್ತವರ ಮೊಮ್ಮಕ್ಕಳು, ಮರಿಮಕ್ಕಳು ನಮ್ಮ ಸುತ್ತಲೇ ಇದ್ದಾರೆ. ಅವರನ್ನು ನಾನು ಇಷ್ಟು ದಿನ ಕೇಳುತ್ತಿದ್ದದ್ದು ಯಾರು ಹೊತ್ತರು, ಎಷ್ಟು ದೂರ, ಕೂಲಿ ಎಷ್ಟು ಎಂಬುದನ್ನು ಮಾತ್ರ. ಈಗ ನನ್ನ ಪ್ರಶ್ನಾವಳಿಯಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿಕೊಂಡಿದ್ದೇನೆ: ಆಗ ಮೈಮೇಲೆ ಏನಿತ್ತು? ಮೊನ್ನೆ ಒಬ್ಬ ಹಿರಿಯರು ಈ ಪ್ರಶ್ನೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮಪ್ಪ ಹೇಳುತ್ತಿದ್ದುದನ್ನು ಹೇಳಿದರು. ಕಂಬಳಿ ಇತ್ತಂತೆ. ಆದರೆ ಹೊರೆ ತಲೆಗೆ ಒತ್ತುತ್ತದೆಂದು ಅದನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಅದರ ಮೇಲೆ ಪೆಟ್ಟಿಗೆ ಇಟ್ಟುಕೊಳ್ಳುತ್ತಿದ್ದರಂತೆ. ಮೈಗೆ ಏನೂ ಇರುತ್ತಿರಲಿಲ್ಲ.